ಇಟ್ಟ ಹೆಸರು, ನಿಂತ ಹೆಸರು

ಮೈಸೂರಿನ ಪಡುವಣ ಅಂಚಿನಲ್ಲಿರುವ ಬೋಗಾದಿಯ ಹೆಸರನ್ನು ಬರೆಯುವ ಹೊತ್ತಿಗೆ ಜನ ಎರಡು ಪಂಗಡವಾಗುತ್ತಾರೆ. ಅಂಗಡಿ ಬೋರ್ಡು, ಲಗ್ನಪತ್ರಿಕೆ, ದಿನಪತ್ರಿಕೆಯ ಸುದ್ದಿ, ಸೈಟು ಮಾರಾಟದ ಜಾಹೀರಾತು, ಯಾವುದನ್ನೇ ನೋಡಿದರೂ ಕೆಲವರದು ‘ಬೋಗಾದಿ’, ಕೆಲವರದು ಹೊಟ್ಟೆ ಸೀಳಿದ ‘ಭೋಗಾದಿ’. ಬಾಯಲ್ಲಿ ಮಾತ್ರ ಈ ತಕರಾರಿಲ್ಲ. ಬಸ್ ಕಂಡಕ್ಟರಾಗಲಿ, ಆಟೊದವರಾಗಲಿ, ಆ ರಸ್ತೆಯ ಮಗ್ಗುಲಲ್ಲೇ ಇರುವ ಮಾನಸಗಂಗೋತ್ರಿಯ ಪ್ರಾಧ್ಯಾಪಕರಾಗಲಿ, ಅವಸರದ ಮಾತಿನಲ್ಲಿ ಎಲ್ಲರದೂ ಒಂದೇ ಬೋಗಾದಿ. ಮಹಾಪ್ರಾಣ ಕನ್ನಡದ ಸ್ವಂತ ಸೊತ್ತಲ್ಲ, ಬಹುಪಾಲು ಸಂಸ್ಕೃತದಿಂದ ಬಂದ ಪದಗಳ ಜೊತೆ ಬಂದು ಸೇರಿದ್ದು ಎನ್ನುವುದು 13ನೇ ಶತಮಾನದ ಕೇಶಿರಾಜನಿಗೂ ಗೊತ್ತಿತ್ತು. ಆಡುಮಾತಿನಲ್ಲಿಲ್ಲದ ಅಕ್ಷರಗಳನ್ನು ಬರಹ ಏಕೆ ಹೊತ್ತು ತಿರುಗಬೇಕು ಎಂದು ನಮ್ಮ ಕಾಲದಲ್ಲಿ ಡಿ.ಎನ್. ಶಂಕರ ಭಟ್ಟರು ಪಟ್ಟು ಹಿಡಿದು ಕೇಳಿದರು. ಬೋಗಾದಿಯ ಮಟ್ಟಿಗೆ ಉತ್ತರ ಸುಲಭ. ‘ಬೋಗಾ’ ಎಂದು ಬರೆದರೆ ಕೈಗೆ ಏನೂ ಸಿಗುವುದಿಲ್ಲ. ‘ಭೋಗಾ’ ಎಂದು ಬರೆದರೆ ಒಂದು ಅರ್ಥ ಸಿಗುತ್ತದೆ, ಅರ್ಥ ಸಿಕ್ಕಿದರೆ ಅದರ ಹಿಂದೊಬ್ಬ ರಾಜನೋ ದೇವರೋ ದಾನದ ಭೂಮಿಯೋ ಬಂದು ನಿಲ್ಲಬಹುದು. ಊರಿನ ಹೆಸರೆಂದರೆ ಅದಕ್ಕೊಂದು ಅರ್ಥವಿರಬೇಕು, ಆ ಅರ್ಥವೇ ಊರಿನ ಇತಿಹಾಸ ಎಂದು ನಾವು ನಂಬಿಬಿಟ್ಟಿದ್ದೇವೆ. ಮೈಸೂರಿನ ಸುತ್ತಲ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ನಂಬಿಕೆ ಬಹಳ ದೂರ ನಡೆಯುವುದಿಲ್ಲ. ಹೆಸರು ಹುಟ್ಟುವಾಗ ಅರ್ಥ ಬೇಕಿರಬಹುದು, ಉಳಿಯುವುದಕ್ಕೆ ಬೇಕಾದದ್ದು ಬೇರೆ: ಆ ನೆಲವನ್ನು ಮೊದಲೇ ಕರೆಯುತ್ತಿದ್ದವರು ಇದ್ದರೇ, ಆಮೇಲೆ ಅದನ್ನು ಕರೆಯುವ ಅಗತ್ಯ ಯಾರಿಗೆ ಬಿತ್ತು ಎನ್ನುವುದು.

ಅರ್ಥದ ಕಥೆಗಳನ್ನು ಮೊದಲು ನೋಡೋಣ. ಬೆಂಗಳೂರಿಗೆ ಬೆಂದಕಾಳೂರಿನ ಕಥೆ ಯಾರಿಗೆ ಗೊತ್ತಿಲ್ಲ? ಬೇಟೆಗೆ ಹೋಗಿ ದಾರಿ ತಪ್ಪಿದ ವೀರಬಲ್ಲಾಳ, ಬೆಂದ ಕಾಳು ಕೊಟ್ಟ ಅಜ್ಜಿ. ಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆಯಲ್ಲಿ ಮತ್ತು ಅದರಾಚೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದ ಬಳಿಯ ವೀರಗಲ್ಲು, ಸುಮಾರು 890ರದ್ದು, ‘ಬೆಂಗಳೂರ’ ಕಾಳಗವನ್ನು ಆಗಲೇ ಹೆಸರಿಸುತ್ತದೆ. ಅಜ್ಜಿ ಕಾಳು ಬೇಯಿಸುವ ಮುನ್ನೂರು ವರ್ಷ ಮೊದಲೇ ಬೆಂಗಳೂರು ಬೆಂಗಳೂರಾಗಿಯೇ ಇತ್ತು. ಕಥೆ ಹೆಸರನ್ನು ಹುಟ್ಟಿಸಲಿಲ್ಲ, ಹೆಸರು ಕಥೆಯನ್ನು ಹುಟ್ಟಿಸಿತು. ಕಥೆಗಿಂತ ಹೆಚ್ಚಿನ ಬಲ ಸಂಸ್ಕೃತದ ಬಿರುದುಗಳಿಗೆ ಇತ್ತು ಎಂದುಕೊಳ್ಳೋಣ. ಅವುಗಳ ಹಿಂದೆ ಅರಸರ ತಾಮ್ರಪಟಗಳಿದ್ದವು, ದೇವಸ್ಥಾನದ ಅರ್ಚಕರಿದ್ದರು. ಗಂಗರ ತಾಮ್ರಪಟಗಳಲ್ಲಿ ತಲಕಾಡು ‘ತಳವನಪುರ’. ನಂಜನಗೂಡು ‘ಗರಳಪುರಿ’. ಬೇಲೂರು ‘ವೇಲಾಪುರಿ’. ಇವು ಒಂದೆರಡು ತಲೆಮಾರಿನ ಹುಚ್ಚಲ್ಲ, ಶತಮಾನಗಳ ಕಾಲ ಸಂಕಲ್ಪದಲ್ಲೂ ಸ್ಥಳಪುರಾಣದಲ್ಲೂ ಮೊಳಗಿದ ಹೆಸರುಗಳು. ಹಾಗಿದ್ದೂ ಕಪಿಲೆಯ ದಡದಲ್ಲಿ ನಿಂತು ಗರಳಪುರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರು ಯಾರೂ ಇಲ್ಲ. ದೇವಸ್ಥಾನದೊಳಗೆ ಒಂದು ಹೆಸರು, ಸಂತೆಯಲ್ಲಿ ಒಂದು ಹೆಸರು. ಎರಡೂ ತಮ್ಮ ತಮ್ಮ ಜಾಗದಲ್ಲಿ ನೆಮ್ಮದಿಯಾಗಿದ್ದವು. ಶ್ರೀರಂಗಪಟ್ಟಣದ ಸುತ್ತಲ ಹಳ್ಳಿಯವರಂತೂ ಸ್ವಾಮಿಯ ಹೆಸರನ್ನೂ ಬಿಟ್ಟು ಬರೀ ‘ಪಟ್ಣ’ ಎಂದರು.

ಅಪ್ಪಣೆಯಿಂದ ಹೆಸರು ಬದಲಾಯಿಸುವ ಪ್ರಯೋಗ ಈ ಸೀಮೆಯಲ್ಲಿ ಅತ್ಯಂತ ಗಟ್ಟಿಯಾಗಿ ನಡೆದದ್ದು ಟಿಪ್ಪುವಿನ ಕಾಲದಲ್ಲಿ. ಅದು ಮುಗಿದದ್ದು 1799ರಲ್ಲಿ, ಆದ್ದರಿಂದ ಅದರ ಫಲಿತಾಂಶವನ್ನು ಈಗ ತಣ್ಣಗೆ ಕೂತು ಓದಬಹುದು. ದೇವನಹಳ್ಳಿ ಯೂಸುಫಾಬಾದ್ ಆಯಿತು, ಮಡಿಕೇರಿ ಜಾಫರಾಬಾದ್ ಆಯಿತು. ಸುಲ್ತಾನ ಬಿದ್ದ ಮೇಲೆ ಇವೆರಡೂ ಎಲ್ಲಿ ಹೋದವೋ ತಿಳಿಯದಂತೆ ಹೋದವು. ‘ಸರ್ಕಾರ ಹೋಯಿತು, ಹೆಸರೂ ಹೋಯಿತು, ಇದರಲ್ಲೇನಿದೆ’ ಎನ್ನಬಹುದು. ಹಾಗಾದರೆ ನಜರ್‌ಬಾದ್ ಏಕೆ ಉಳಿಯಿತು? 1787ರ ಸುಮಾರಿಗೆ ಟಿಪ್ಪು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಪಕ್ಕದ ದಿಬ್ಬದ ಮೇಲೆ ಹೊಸ ಕೋಟೆ ಕಟ್ಟಿಸತೊಡಗಿ, ಅದಕ್ಕೆ ಇಟ್ಟ ಹೆಸರು ಅದು. ಕೋಟೆ ಪೂರ್ತಿಯಾಗಲೇ ಇಲ್ಲ. ಒಡೆಯರಿಗೆ ರಾಜ್ಯ ಮರಳಿದ ಮೇಲೆ ಹಳೆಯ ಜಾಗದಲ್ಲಿ ಕೋಟೆಯನ್ನು ಮತ್ತೆ ಎತ್ತಲು ಅಲ್ಲಿನ ಕಲ್ಲುಗಳನ್ನೇ ಹೊತ್ತು ತಂದರು. 1800ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಕಲ್ಲು ಹೋಯಿತು, ಸುಲ್ತಾನ ಹೋದ, ಆಡಳಿತ ಹೋಯಿತು. ಹೆಸರು ಮಾತ್ರ ಇಂದಿಗೂ ಮೈಸೂರಿನ ಒಂದು ಮೊಹಲ್ಲಾ, ಒಂದು ಪೊಲೀಸ್ ಠಾಣೆ. ಯೂಸುಫಾಬಾದಿಗೂ ನಜರ್‌ಬಾದಿಗೂ ಭಾಷೆಯಲ್ಲಿ, ಬಾಲದಲ್ಲಿ, ಇಟ್ಟವನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ವ್ಯತ್ಯಾಸ ಒಂದೇ: ದೇವನಹಳ್ಳಿಯನ್ನು ದೇವನಹಳ್ಳಿ ಎನ್ನುವ ಬಾಯಿಗಳು ಮೊದಲೇ ಸಾವಿರಾರಿದ್ದವು, ದಿಬ್ಬದ ಮೇಲಿನ ಹೊಸ ಊರಿಗೆ ಕರೆಯಲು ಬೇರೊಂದು ಹೆಸರು ಇರಲಿಲ್ಲ.

ಒಡೆಯರ ಮೈಸೂರು ಇದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು. ಹಳೆಯ ನಗರ ಮೊಹಲ್ಲಾಗಳಲ್ಲಿತ್ತು: ಕೋಟೆ, ಲಷ್ಕರ್, ಮಂಡಿ, ದೇವರಾಜ, ಕೃಷ್ಣರಾಜ, ಚಾಮರಾಜ. ಅರಸನ ಸಂಸ್ಕೃತ ಹೆಸರಿಗೆ ಅರಬ್ಬಿಯ ಬಾಲ ಅಂಟಿಸಿ ಕನ್ನಡದಲ್ಲಿ ಕರೆಯುವುದು ಮೈಸೂರಿನವರಿಗೆ ಎಂದೂ ವಿಚಿತ್ರವೆನಿಸಲಿಲ್ಲ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಪ್ಲೇಗ್ ಬಂದು ಇಕ್ಕಟ್ಟಿನ ಕೇರಿಗಳನ್ನು ಬಿಡಿಸಬೇಕಾಯಿತು, 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಬಂತು. ದೇಶದಲ್ಲೇ ಅಂಥದ್ದು ಮೊದಲನೆಯದು ಎನ್ನುವುದು ಮೈಸೂರಿನವರ ಹಳೆಯ ಹೆಮ್ಮೆ. ಬೋರ್ಡು ಹೊಲಗಳ ಮೇಲೆ ದಾರ ಹಿಡಿದು ರಸ್ತೆ ಎಳೆದಂತೆ ಹುಟ್ಟಿದವು ಪುರಂಗಳು: ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಸರಸ್ವತಿಪುರಂ. ಇವೆಲ್ಲ ಮೇಲಿನಿಂದ ಇಟ್ಟ ಹೆಸರುಗಳೇ, ಆದರೂ ಒಂದೂ ಉದುರಲಿಲ್ಲ, ಏಕೆಂದರೆ ಹೊಲಕ್ಕೆ ಹೆಸರಿದ್ದರೂ ಅಲ್ಲಿನ ಮನೆಸಾಲಿಗೆ ಇರಲಿಲ್ಲ. ಜನ ಅವನ್ನು ಒಪ್ಪಿದ್ದಷ್ಟೇ ಅಲ್ಲ, ಕನ್ನಡದ ವ್ಯಾಕರಣಕ್ಕೂ ಬಗ್ಗಿಸಿಕೊಂಡರು. ‘ಸರಸ್ವತಿಪುರಂ’ ಎಂದು ಬೋರ್ಡಿನಲ್ಲಿ ಬಿಂದು ಹೊತ್ತು ನಿಂತದ್ದು ವಿಭಕ್ತಿ ಸೇರುತ್ತಲೇ ‘ಸರಸ್ವತಿಪುರದಲ್ಲಿ’ ಆಗಿ, ಬಿಂದು ಕಳಚಿ, ಮರದಲ್ಲಿ ಹೊಲದಲ್ಲಿ ಎನ್ನುವ ಸಾಲಿಗೆ ಸೇರಲು ನೋಡುತ್ತದೆ. ಈಚೆಗೆ ಪತ್ರಿಕೆಗಳು ‘ಸರಸ್ವತಿಪುರಂನಲ್ಲಿ’ ಎಂದು ಬರೆಯುವುದು ಹೆಚ್ಚಿದೆ. ಹೆಸರನ್ನು ಮುಟ್ಟಬಾರದ ಮೊಹರಿನಂತೆ ಕಾಣುವ ಈ ಸಂಕೋಚ ಬಾಯಿಗಿಂತ ಟೈಪು ಮಾಡುವ ಬೆರಳಿಗೆ ಸೇರಿದ್ದು. ಇದೇ ಸಾಲಿಗೆ ಬರುವ, ಮತ್ತು ನನಗೆ ಇವೆಲ್ಲಕ್ಕಿಂತ ಚೆಂದ ಕಾಣುವ ಉದಾಹರಣೆ ಬೋಗಾದಿ ರಸ್ತೆಯ ಪಕ್ಕದಲ್ಲೇ ಇದೆ. ಕುಕ್ಕರಹಳ್ಳಿ ಕೆರೆಯಾಚೆ ವಿಶ್ವವಿದ್ಯಾನಿಲಯದ ಹೊಸ ಆವರಣಕ್ಕೆ 1960ರಲ್ಲಿ ಕುಲಪತಿಯಾಗಿದ್ದ ಕುವೆಂಪು ಇಟ್ಟ ಹೆಸರು ‘ಮಾನಸಗಂಗೋತ್ರಿ’. ಆರು ಅಕ್ಷರದ ಹೆಸರು, ಕವಿಯ ಕಲ್ಪನೆ, ಹಿಮಾಲಯದ ನದಿಮೂಲ. ಸಮಿತಿಯೊಂದು ಇಂಥ ಹೆಸರನ್ನು ಬೇರೆಲ್ಲಾದರೂ ಇಟ್ಟಿದ್ದರೆ ವಾರದೊಳಗೆ ಸತ್ತಿರುತ್ತಿತ್ತು. ಇಲ್ಲಿ ಅದು ಬದುಕಿತು. ಬದುಕಿದ ಗುರುತೇನೆಂದರೆ ಜನ ಅದನ್ನು ಮುರಿದು ‘ಗಂಗೋತ್ರಿ’ ಮಾಡಿಕೊಂಡರು, ಮುರಿದ ತುಂಡಿನಿಂದ ‘ಗಂಗೋತ್ರಿ ಲೇಔಟ್’ ಎಂಬ ಬಡಾವಣೆಯೂ ಹುಟ್ಟಿತು.

ಇದರ ಎದುರು ಪಕ್ಷವನ್ನು ನೋಡಬೇಕಾದರೆ ನಗರ ನುಂಗಿದ ಹಳ್ಳಿಗಳ ಕಡೆ ತಿರುಗಬೇಕು. ಪಡುವಾರಹಳ್ಳಿಗೆ ವಿನಾಯಕನಗರ ಎಂಬ ಹೆಸರಾಗಿ ಎಷ್ಟೋ ಕಾಲವಾಯಿತು. ವಿನಾಯಕನ ಮೇಲೆ ಯಾರಿಗೂ ಅಭಕ್ತಿಯಿಲ್ಲ, ಆದರೂ ‘ಪಡುವಾರಹಳ್ಳಿ’ ಎನ್ನುವುದನ್ನು ಜನ ಬಿಟ್ಟಿಲ್ಲ. ಸುದ್ದಿ ಬರೆಯುವವರು ಎರಡನ್ನೂ ಬರೆದು ಒಂದನ್ನು ಕಂಸದೊಳಗೆ ಹಾಕುತ್ತಾರೆ. ಒಂಟಿಕೊಪ್ಪಲಿನದು ಇನ್ನೂ ಸ್ವಾರಸ್ಯದ ಕಥೆ. ಅಲ್ಲಿ ಮಹಾರಾಣಿ ವಾಣಿವಿಲಾಸದವರ ಹೆಸರಿನ ಮೊಹಲ್ಲಾ ಬಂತು. ರಾಜಮನೆತನದ ಹೆಸರು, ಅದರಲ್ಲೂ 1895ರಿಂದ 1902ರವರೆಗೆ ರಾಜ್ಯವನ್ನೇ ನಡೆಸಿದವರ ಹೆಸರು. ಅದು ಜನರ ಬಾಯಲ್ಲಿ ‘ವಿ.ವಿ. ಮೊಹಲ್ಲಾ’ ಆಗಿ, ವಾಣಿಯವರೂ ವಿಲಾಸವೂ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ ಅಡಗಿದರು. ಒಂಟಿಕೊಪ್ಪಲು ಮಾತ್ರ ಪಂಚಾಂಗದ ಹೆಗಲೇರಿ, ಮೈಸೂರನ್ನು ಕಂಡೇ ಇಲ್ಲದವರ ಮನೆಯ ಗೋಡೆಗೂ ಪ್ರತಿ ಯುಗಾದಿಗೆ ಹೋಗಿ ಕೂರುತ್ತದೆ. ಗೌರವಕ್ಕೆಂದು ಇಟ್ಟ ಉದ್ದ ಹೆಸರುಗಳಿಗೆ ಮೈಸೂರಿನಲ್ಲಿ ಕಾದಿರುವ ಗತಿ ಇದೇ: ಝಾನ್ಸಿ ಲಕ್ಷ್ಮೀಬಾಯಿ ರಸ್ತೆ ಜೆ.ಎಲ್.ಬಿ. ರಸ್ತೆಯಾಯಿತು, ಕೃಷ್ಣರಾಜ ವೃತ್ತ ಕೆ.ಆರ್. ಸರ್ಕಲ್ ಆಯಿತು. ಹಳ್ಳಿಯ ಹೆಸರೇ ಉದ್ದವಾದಾಗಲೂ ಬಾಯಿ ಸುಮ್ಮನಿರುವುದಿಲ್ಲ. ಕನ್ನೇಗೌಡನ ಕೊಪ್ಪಲು ‘ಕೆ.ಜಿ. ಕೊಪ್ಪಲ್’ ಆಗಿದೆ. ಆದರೆ ಅಲ್ಲಿ ಕನ್ನೇಗೌಡರು ಅಕ್ಷರವಾದರೂ ಕೊಪ್ಪಲು ಇಡಿಯಾಗಿ ಉಳಿಯಿತು, ಅದನ್ನು ಗಮನಿಸಬೇಕು. ದತ್ತಗಳ್ಳಿ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ ಎಂದು ನಗರದ ಸುತ್ತ ಸಾಲಾಗಿ ಬರುವ ಹೆಸರುಗಳಲ್ಲಿ, ಹಕಾರ ಬಿಟ್ಟು ‘ಅಳ್ಳಿ’ ಎನ್ನುವ ಈ ಸೀಮೆಯ ನಾಲಗೆಯೇ ಬರಹಕ್ಕೆ ಇಳಿದುಬಿಟ್ಟಂತೆ ತೋರುತ್ತದೆ. ಗುಮಾಸ್ತರು ಅದನ್ನು ತಿದ್ದಿ ‘ಹಳ್ಳಿ’ ಮಾಡಬಹುದಿತ್ತು. ಮಾಡಲಿಲ್ಲ, ಅಥವಾ ಮಾಡಿದ್ದು ನಿಲ್ಲಲಿಲ್ಲ.

ಇಷ್ಟು ಹೇಳಿದ ಮೇಲೆ ಮಂಡ್ಯ ಜಿಲ್ಲೆಯವರು ಯಾರಾದರೂ ಪಾಂಡವಪುರವನ್ನು ತಂದು ಮುಂದಿಟ್ಟರೆ ಈ ವಾದ ಒಂದು ಗಳಿಗೆ ತತ್ತರಿಸುತ್ತದೆ. ಅದು ಖಾಲಿ ಜಾಗವಾಗಿರಲಿಲ್ಲ. ಹಿರೋಡೆ ಎಂಬ ಊರಿತ್ತು, ಹಾಗೆಂದು ಕರೆಯುವ ಜನರಿದ್ದರು. ಹೈದರ್ ಮತ್ತು ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಗುಡ್ಡದ ಬಳಿ ಬೀಡುಬಿಟ್ಟದ್ದರಿಂದ ‘ಫ್ರೆಂಚ್ ರಾಕ್ಸ್’ ಆಯಿತು, ಆಮೇಲೆ ಪಾಂಡವಪುರವಾಯಿತು. ಇಂದು ದೂರದವರಿಗೆ ಹಿರೋಡೆ ಎಂದರೆ ಗೊತ್ತಾಗದು. ರಾಮನಗರವೂ ಹೀಗೆಯೇ. ಪೂರ್ಣಯ್ಯ ದಿವಾನರಾಗಿದ್ದಾಗ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆಯಾದದ್ದು, ಮುಂದೆ ರಾಮನಗರವಾಗಿ, ಈಗ ಕ್ಲೋಸ್ ಸಾಹೇಬರ ನೆನಪು ಉಳಿದಿರುವುದು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುವ ಭೂವಿಜ್ಞಾನಿಗಳ ಬಾಯಲ್ಲಿ ಮಾತ್ರ. ರಾಮನಗರಕ್ಕೆ ಸಮಾಧಾನ ಹೇಳುವುದು ಸುಲಭ: ಕ್ಲೋಸ್‌ಪೇಟೆಯೇ ಹೇರಿದ ಹೆಸರು, ರಾಮನೋ ಅಲ್ಲಿ ರಾಮದೇವರ ಬೆಟ್ಟವಾಗಿ ಮೊದಲೇ ನೆಲೆಸಿದ್ದವನು. ಪಾಂಡವಪುರಕ್ಕೆ ಈ ಸಮಾಧಾನ ಸಾಲದು. ಅಲ್ಲಿ ನಿಜವಾಗಿಯೂ ಊರವರ ಹೆಸರು ಸೋತಿತು. ಸೋತದ್ದು ಹೇಗೆಂದರೆ, ದಂಡಿನ ಬೀಡು, ಅಂಚೆ, ರೈಲು ನಿಲ್ದಾಣ, ತಾಲ್ಲೂಕು ಕಚೇರಿ ಎಲ್ಲ ಬಂದು, ಆ ಊರನ್ನು ಹೆಸರು ಹಿಡಿದು ಕರೆಯುವವರಲ್ಲಿ ಹೊರಗಿನವರು ಒಳಗಿನವರಿಗಿಂತ ಹೆಚ್ಚಾದರು. ಊರಿನೊಳಗಿನವರಿಗೆ ತಮ್ಮೂರಿನ ಹೆಸರು ದಿನಕ್ಕೆ ಎಷ್ಟು ಸಲ ಬೇಕು? ‘ಊರು’ ಎಂದರೆ ಸಾಕು. ಹೆಸರಿನ ಅಗತ್ಯ ಬೀಳುವುದು ಅಲ್ಲಿಗೆ ಹೋಗುವವರಿಗೆ, ಪತ್ರ ಹಾಕುವವರಿಗೆ, ಟಿಕೆಟ್ ಕೇಳುವವರಿಗೆ. ಆದ್ದರಿಂದ ಮೊದಲು ಹೇಳಿದ ಮಾತನ್ನು ಸ್ವಲ್ಪ ಬಿಗಿ ಮಾಡಬೇಕು. ಮೊದಲೇ ಕರೆಯುತ್ತಿದ್ದವರು ಇದ್ದರೆ ಹಳೆಯ ಹೆಸರು ಗೆಲ್ಲುತ್ತದೆ, ಹೊಸದಾಗಿ ಕರೆಯುವವರು ಅವರನ್ನು ಮೀರಿಸುವಷ್ಟು ಸಂಖ್ಯೆಯಲ್ಲಿ ಹೊಸ ಹೆಸರನ್ನು ಹಿಡಿದು ಬರುವ ತನಕ. ಪಡುವಾರಹಳ್ಳಿಗೆ ಬಂದವರು ನಗರದ ಒಳಗಿನಿಂದಲೇ ಬಂದರು, ಹಳೆಯ ಹೆಸರನ್ನು ಕೇಳಿಕೊಂಡೇ ಬಂದರು. ಹಿರೋಡೆಗೆ ಬಂದವರು ‘ಫ್ರೆಂಚ್ ರಾಕ್ಸ್’ ಎಂಬ ಟಿಕೆಟ್ ಹಿಡಿದು ಇಳಿದರು.

2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಒಮ್ಮೆಗೇ ಬದಲಾಯಿತಲ್ಲ, ಸರ್ಕಾರದ ಅಪ್ಪಣೆಗೆ ಬಲವಿಲ್ಲವೆನ್ನುವುದು ಹೇಗೆ ಎಂದು ಕೇಳುವವರೂ ಇದ್ದಾರೆ. ಅಂದು ಬದಲಾದದ್ದು ಬಹುಮಟ್ಟಿಗೆ ಇಂಗ್ಲಿಷ್ ಕಾಗುಣಿತ. ಕನ್ನಡಿಗರ ಬಾಯಲ್ಲಿ ಮೈಸೂರು ಹಿಂದಿನ ದಿನವೂ ಮೈಸೂರೇ, ಬಳ್ಳಾರಿ ಬಳ್ಳಾರಿಯೇ. ಅಪ್ಪಣೆ ಬಾಯಿಯನ್ನು ಹಿಂಬಾಲಿಸಿತು, ಅದಕ್ಕೇ ಸಲೀಸಾಗಿ ನಡೆಯಿತು. ಆ ಪಟ್ಟಿಯಲ್ಲಿ ಮಾತಿನ ರೂಪವನ್ನೇ ಬದಲಾಯಿಸಬೇಕೆಂದ ಹೆಸರುಗಳಲ್ಲೊಂದು ವಿಜಯಪುರ, ಮತ್ತು ಇವತ್ತಿಗೂ ಆ ಕಡೆಯ ಹಿರಿಯರ ಮಾತಿನಲ್ಲಿ ಬಿಜಾಪುರ ಇಣುಕುತ್ತಲೇ ಇರುತ್ತದೆ. ಇದಕ್ಕಿಂತ ಗಂಭೀರವಾದ ಆಕ್ಷೇಪ ಶಂ.ಬಾ. ಜೋಶಿಯವರ ಕಡೆಯಿಂದ ಬರಬೇಕು. ಅವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಸ್ಥಳನಾಮಗಳಿಂದಲೇ ಕನ್ನಡ ಜನರ ಹಳೆಯ ನೆಲೆಗಳನ್ನು ಹುಡುಕಿದವರು. ಹೆಸರಿನ ಅರ್ಥಕ್ಕೆ ಬೆಲೆಯಿಲ್ಲವೆಂದರೆ ಆ ಶ್ರಮವೆಲ್ಲ ನೀರ ಮೇಲಿನ ಬರಹವಾಗುವುದಿಲ್ಲವೇ? ಆಗುವುದಿಲ್ಲ. ಅಂಥ ಹುಡುಕಾಟದಲ್ಲಿ ಸಾಕ್ಷಿಯಾಗುವುದು ಒಂದು ಹೆಸರಿನ ಸುತ್ತ ಹೆಣೆದ ಐತಿಹ್ಯವಲ್ಲ, ಒಂದೇ ಬಗೆಯ ಹೆಸರುಗಳ ಹರಹು. ಮೈಸೂರು, ಚಾಮರಾಜನಗರದ ಕಡೆ ‘ಹುಂಡಿ’ಗಳು ಕಿಕ್ಕಿರಿದಿವೆ, ಸಿದ್ದರಾಮನಹುಂಡಿಯಂತೆ, ಉತ್ತರ ಕರ್ನಾಟಕದವರಿಗೆ ಹುಂಡಿಯೆಂದರೆ ದೇವರ ಮುಂದಿನ ಪೆಟ್ಟಿಗೆ. ಇದು ನೆಲೆಸುವ ಪದ್ಧತಿಯ ಬಗ್ಗೆ, ಜನ ಚದುರಿ ಹೊಸ ಕೇರಿ ಕಟ್ಟಿಕೊಂಡ ಬಗೆಯ ಬಗ್ಗೆ ಏನನ್ನೋ ಹೇಳುತ್ತದೆ. ಒಂಟಿ ಬೋಗಾದಿಯನ್ನು ಹಿಡಿದು, ಅದಕ್ಕೆ ಹಳ್ಳಿ ಕೊಪ್ಪಲು ಹುಂಡಿಗಳಂಥ ಕಣ್ಣಿಗೆ ಕಾಣುವ ಬಾಲವೂ ಇಲ್ಲದಿರುವಾಗ, ಹೊಟ್ಟೆ ಸೀಳಿ ಅರ್ಥ ಹೊರಡಿಸುವುದು ಆ ಜಾತಿಯ ಕೆಲಸವಲ್ಲ. ನಾಗಮಂಗಲ ತಾಲ್ಲೂಕಿನಲ್ಲೂ ಒಂದು ಬೋಗಾದಿಯಿದೆ. ಹೋಲಿಸುವುದಾದರೆ ಅಲ್ಲಿಂದ ಆರಂಭಿಸಬಹುದು, ಭೋಗದಿಂದಲ್ಲ.

ಬೋಗಾದಿ ಎಂಬ ಹೆಸರು ಬೆಳೆದ ಬಗೆಯನ್ನು ನೋಡಿದರೆ ಅರ್ಥವಿಲ್ಲದ ಹೆಸರು ಎಷ್ಟು ದುಡಿಯಬಲ್ಲದು ಎಂಬುದು ಗೊತ್ತಾಗುತ್ತದೆ. ಮೊದಲು ಅದು ಒಂದು ಹಳ್ಳಿಯ ಹೆಸರು. ಆಮೇಲೆ ನಗರದಿಂದ ಆ ಹಳ್ಳಿಯ ಕಡೆಗೆ, ಮುಂದೆ ಗದ್ದಿಗೆ ಎಂಬ ಊರಿನತ್ತ ಹೋಗುವ ರಸ್ತೆಯ ಹೆಸರಾಯಿತು. ರಸ್ತೆಯ ಒತ್ತಿಗೆ ಬಡಾವಣೆ ಬಂದಾಗ ‘ಬೋಗಾದಿ ಎರಡನೇ ಹಂತ’ವಾಯಿತು. ಬೋರ್ಡಿನಲ್ಲಿ ‘ಹಂತ’, ಬಾಯಲ್ಲಿ ‘ಸೆಕೆಂಡ್ ಸ್ಟೇಜ್’. 2020ರಲ್ಲಿ ಪಟ್ಟಣ ಪಂಚಾಯಿತಿಯೇ ಆಯಿತು. ಅಷ್ಟರಲ್ಲಾಗಲೇ ನೆರೆಯಲ್ಲಿ ರಾಮಕೃಷ್ಣನಗರ, ಶಾರದಾದೇವಿನಗರ, ವಿವೇಕಾನಂದನಗರ ಎಂದು ಗುರು, ಗುರುಪತ್ನಿ, ಶಿಷ್ಯ ಮೂವರೂ ನೆಲೆಯಾದರು. ಅವೂ ಹೊಲದ ಮೇಲೆ ಎದ್ದ ಹೆಸರುಗಳು, ಅವೂ ನಿಂತಿವೆ. ಆದರೆ ಬೋಗಾದಿಯ ಹಳ್ಳಿ ಇದ್ದಲ್ಲಿ ಯಾರ ನಗರವೂ ಆಗಲಿಲ್ಲ. ಇದಕ್ಕೆ ಕಾರಣ ಜನರ ಬಾಯಿ ಅಲ್ಲ, ಕಂದಾಯ ಇಲಾಖೆಯ ಕಾಗದ ಎಂದು ಯಾರಾದರೂ ಹೇಳಿದರೆ ಅರ್ಧ ಒಪ್ಪಬೇಕು. ಖಾಸಗಿ ಬಡಾವಣೆಯವರು ಕಮಾನಿನ ಮೇಲೆ ಏನೇ ಹೆಸರು ಕೆತ್ತಿಸಲಿ, ಕ್ರಯಪತ್ರದಲ್ಲಿ ಇರಬೇಕಾದದ್ದು ‘ಬೋಗಾದಿ ಗ್ರಾಮದ ಸರ್ವೆ ನಂಬರು’. ಎಲ್ಲೇ ಸೈಟು ಕೊಂಡವರೂ ನೋಂದಣಿ ಕಚೇರಿಯಲ್ಲಿ ಒಂದು ಸಲವಾದರೂ ಹಳ್ಳಿಯ ಹೆಸರಿಗೆ ಸಹಿ ಹಾಕಿ ಬಂದಿರುತ್ತಾ‌ರೆ. ಉಳಿದ ಅರ್ಧ ಏನೆಂದರೆ, 19ನೇ ಶತಮಾನದ ಉತ್ತರಾರ್ಧದಲ್ಲಿ ಸರ್ವೆ ಸರಪಳಿ ಹಿಡಿದು ಬಂದವರು ಹಳ್ಳಿಗಳಿಗೆ ಹೆಸರಿಡಲಿಲ್ಲ, ಅಲ್ಲಿದ್ದವರನ್ನು ಕೇಳಿ ಬರೆದುಕೊಂಡರು. ಕಾಗದ ಕಾಪಾಡುತ್ತಿರುವುದು ಬಾಯಿಂದ ಪಡೆದದ್ದನ್ನೇ. ಈಗ ಅದೇ ಕಾಗದದ ಇನ್ನೊಂದು ಕೊನೆಯಲ್ಲಿ ಹೊಸ ಪರೀಕ್ಷೆ ನಡೆಯುತ್ತಿದೆ: 2025ರಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಾಯಿತು, ಜಿಲ್ಲಾಕೇಂದ್ರ ಮಾತ್ರ ರಾಮನಗರವಾಗಿಯೇ ಇದೆ. ಊರಿನ ಹೆಸರಿಗೆ ಕೈ ಹಾಕದೆ ಜಿಲ್ಲೆಯ ಹೆಸರನ್ನಷ್ಟೇ ಬದಲಾಯಿಸಿದ್ದರಿಂದ ಇದು ನಿಲ್ಲುವ ಸಾಧ್ಯತೆ ಇದೆ. ಜಿಲ್ಲೆ ಎನ್ನುವುದು ಅರ್ಜಿಯಲ್ಲಿ ತುಂಬುವ ಹೆಸರು, ಬಸ್ಸಿನಲ್ಲಿ ಕೂಗುವ ಹೆಸರಲ್ಲ. ಅಲ್ಲಿ ಅಪ್ಪಣೆಗೆ ಎದುರಾಡುವ ಬಾಯಿಗಳು ಕಡಿಮೆ.